ನಮ್ಮ ಮನೆ ಮುಂದಿನ ಹೆದ್ದಾರಿಯ ನಂಬರು

ನನಗೊಂದು ಚಟವಿದೆ. ನಶ್ಯ, ಇಸ್ಪೀಟು, ಎಲೆಅಡಿಕೆ ಇವುಗಳಲ್ಲಿ ಯಾವುದಾದರೊಂದಾಗಿದ್ದರೆ ಮನೆಯಲ್ಲಿ ನಾಲ್ಕು ದಿನ ಗೊಣಗಿ ಆಮೇಲೆ ಒಗ್ಗಿಕೊಳ್ಳುತ್ತಿದ್ದರು. ನನ್ನದು ಬೋರ್ಡು ಓದುವ ಚಟ. ಕಣ್ಣಿಗೆ ಬಿದ್ದ ಬೋರ್ಡನ್ನು ಓದದೆ ಮುಂದೆ ಹೋಗಲು ನನ್ನಿಂದಾಗದು. ಓದಿದ ಮೇಲೆ ಅದರಲ್ಲಿರುವ ತಪ್ಪನ್ನು ಪಕ್ಕದಲ್ಲಿರುವವರಿಗೆ ಹೇಳದೆ ಇರಲೂ ಆಗದು. ಪಕ್ಕದಲ್ಲಿರುವವರು ಬಹುಮಟ್ಟಿಗೆ ನನ್ನ ಹೆಂಡತಿ ಜಾನಕಿ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ಊಟಿಗೆ ಹೊರಟಿದ್ದಾಗ ಬಸ್ಸಿನ ಕಿಟಕಿಯಲ್ಲಿ ಅವಳು ಬೆಟ್ಟ ನೋಡುತ್ತಿದ್ದಳು, ನಾನು ದೂರ ತೋರಿಸುವ ಫಲಕಗಳನ್ನು ನೋಡುತ್ತಿದ್ದೆ. ಒಂದು ಫಲಕ ದಾಟಿ ಎರಡು ಕಿಲೋಮೀಟರ್ ಮುಂದೆ ಬಂದ ಮೇಲೆ ಸಿಕ್ಕ ಇನ್ನೊಂದು ಫಲಕದ ಪ್ರಕಾರ ಊಟಿ ಮೊದಲಿಗಿಂತ ಒಂದು ಕಿಲೋಮೀಟರ್ ದೂರ ಸರಿದಿತ್ತು. "ಜಾನಕಿ, ನಾವು ಊಟಿ ಕಡೆಗೇ ಹೋಗ್ತಾ ಊಟಿಯಿಂದ ದೂರ ಆಗ್ತಿದ್ದೀವಿ" ಎಂದೆ. ಅವಳು ಬೆಟ್ಟದ ಮೇಲಿನ ಕಣ್ಣು ತೆಗೆಯದೆ, "ಇಪ್ಪತ್ತೈದು ವರ್ಷದಿಂದ ನನಗೂ ಹಾಗೇ ಅನ್ನಿಸ್ತಿದೆ" ಎಂದಳು. ಹೀಗೆಂದು ನನಗೆ ನೆನಪು. ಅವಳನ್ನು ಕೇಳಿದರೆ, ನಾವು ಊಟಿಗೆ ಹೋದದ್ದು ಕಾರಿನಲ್ಲಿ, ದಾರಿಯುದ್ದಕ್ಕೂ ತಾನು ನಿದ್ದೆ ಮಾಡುತ್ತಿದ್ದೆ ಎನ್ನುತ್ತಾಳೆ. ಇಬ್ಬರಲ್ಲಿ ಯಾರದು ಸರಿಯೋ ತೀರ್ಮಾನಿಸಲು ಮೂರನೆಯವರು ಆ ಬಸ್ಸಿನಲ್ಲೋ ಕಾರಿನಲ್ಲೋ ಇರಲಿಲ್ಲ. ಆದ್ದರಿಂದ ಮುಂದೆ ನಾನು ಹೇಳುವುದನ್ನೂ ಓದುವವರು ಸ್ವಲ್ಪ ತಡೆದು ನಂಬುವುದು ಒಳ್ಳೆಯದು.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು. ನಿವೃತ್ತನಾದ ಮೇಲೆ ಮೈಸೂರಿನ ವಿದ್ಯಾರಣ್ಯಪುರಂನ ಬಾಡಿಗೆ ಮನೆ ಬಿಟ್ಟು ನಂಜನಗೂಡಿನ ರಸ್ತೆಯಲ್ಲಿ, ಊರು ಮುಗಿಯುತ್ತಿದೆಯೋ ಶುರುವಾಗುತ್ತಿದೆಯೋ ತಿಳಿಯದ ಜಾಗದಲ್ಲಿ, ಒಂದು ಸಣ್ಣ ಮನೆ ಕಟ್ಟಿಸಿಕೊಂಡೆ. ಮನೆಯ ಮುಂದೆ ಕಾಂಪೌಂಡು, ಕಾಂಪೌಂಡಿನ ಮುಂದೆ ಹೆದ್ದಾರಿ, ಹೆದ್ದಾರಿಯ ಆಚೆ ಬದಿಗೆ ಒಂದು ಟೀ ಅಂಗಡಿ. ಭೂಗೋಳದ ಮೇಷ್ಟ್ರ ಮನೆ ಬಾಗಿಲಿಗೆ ರಾಷ್ಟ್ರೀಯ ಹೆದ್ದಾರಿಯೇ ಬಂದು ನಿಂತರೆ ಸಂತೋಷಪಡಬೇಕಾದದ್ದು ಸಹಜ. ಆದರೆ ಯಾವ ಹೆದ್ದಾರಿ? ನಾನು ಪಾಠ ಮಾಡುತ್ತಿದ್ದ ಕಾಲಕ್ಕೆ ಈ ರಸ್ತೆ ಇನ್ನೂರ ಹನ್ನೆರಡು. ಆಮೇಲೆ ದೇಶದ ಹೆದ್ದಾರಿಗಳಿಗೆಲ್ಲ ಹೊಸದಾಗಿ ನಂಬರು ಕೊಟ್ಟಾಗ ಏಳುನೂರ ಅರವತ್ತಾರು ಆಯಿತು. ಅದು ಸಾಲದೆಂದು ಉತ್ತರದಿಂದ ಚಾಮರಾಜನಗರದ ಕಡೆಗೆ ಇಳಿದು ಬರುವ ನೂರ ಐವತ್ತು-ಎ ಎಂಬ ಇನ್ನೊಂದು ಹೆದ್ದಾರಿಯೂ ಸ್ವಲ್ಪ ದೂರ ಇದೇ ಡಾಂಬರಿನ ಮೇಲೆ ಸವಾರಿ ಮಾಡುತ್ತದೆ. ನಮ್ಮ ಗೇಟಿನಲ್ಲಿ ನಿಂತರೆ ಬಲಗಡೆ ನೂರ ಐವತ್ತು-ಎ ಎಂಬ ಫಲಕ. ಎದುರಿಗೆ, ಟೀ ಅಂಗಡಿಯ ಪಕ್ಕ, ಏಳುನೂರ ಅರವತ್ತಾರು ಎಂಬ ಆಳೆತ್ತರದ ಫಲಕ. ಅಂಗಡಿಯ ಹಿಂದೆ ಇನ್ನೂರ ಹನ್ನೆರಡು ಎಂದು ಕೆತ್ತಿದ ಕಿಲೋಮೀಟರ್ ಕಲ್ಲು. ಎಡಗಡೆ, ಇದೆಲ್ಲ ನೋಡಿ ಬೇಸತ್ತವರು ಯಾರೋ ನಿಲ್ಲಿಸಿದಂತೆ, ಗುರಾಣಿಯ ಆಕಾರದ ಗೆರೆಯೊಳಗೆ ಏನನ್ನೂ ಬರೆಯದ ಇನ್ನೊಂದು ಫಲಕ. ಆ ಖಾಲಿ ಗುರಾಣಿಯೊಳಗೆ ಮನೆಪಾಠದವರೊಬ್ಬರು ತಮ್ಮ ಚೀಟಿ ಅಂಟಿಸಿದ್ದರು: ಗಣಿತ, ಎಂಟರಿಂದ ಹತ್ತನೇ ತರಗತಿ.

ಕಲ್ಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ತಲೆಯ ಮೇಲೆ ಹಳದಿ ಬಣ್ಣ, ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು. ಮಕ್ಕಳಿಗೆ ಇದನ್ನು ನಾನು ಎಷ್ಟು ಸಲ ಬರೆಸಿದ್ದೇನೋ. ಈ ಕಲ್ಲಿನ ತಲೆ ಹಳದಿ. ಹಳದಿ ಸುಲಿದ ಕಡೆ ಒಳಗೆ ಹಸಿರು. ಹಸಿರೂ ಸುಲಿದ ಕಡೆ ಮತ್ತೆ ಹಳದಿ. ಉಗುರಿನಲ್ಲಿ ಕೆರೆಯುತ್ತ ಹೋದರೆ ಕೊನೆಗೆ ಏನು ಸಿಕ್ಕೀತೆಂದು ನಾನು ಬೆಳಗಿನ ವಾಕಿಂಗಿನಲ್ಲಿ ಅದರ ಮುಂದೆ ನಿಲ್ಲುತ್ತಿದ್ದೆ.

ಈ ಊರಿನಲ್ಲಿ ಇದರಿಂದ ಯಾರಿಗೂ ಏನೂ ತೊಂದರೆಯಿಲ್ಲ ಎಂಬುದೇ ನನಗೆ ತೊಂದರೆಯಾಗಿತ್ತು. ಮೈಸೂರಿನವರು ದಾರಿ ಹೇಳುವುದು ಇರುವ ವಸ್ತುಗಳಿಂದಲ್ಲ, ಇಲ್ಲದ ವಸ್ತುಗಳಿಂದ. ಲಷ್ಕರ್ ಮೊಹಲ್ಲಾದಲ್ಲಿರುವ ನನ್ನ ಷಡ್ಡಕ ಯಾರಿಗಾದರೂ ತನ್ನ ಮನೆಯ ದಾರಿ ಹೇಳುವುದನ್ನು ಕೇಳಬೇಕು: "ಮುಂಚೆ ಟೈರಿನಂಗಡಿ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ. ಕಡಿದು ಹಾಕಿದ್ರಲ್ಲ ಆ ಹುಣಸೆಮರ ಬರುತ್ತೆ. ಅದರ ನೆರಳಿಗೇ ನಮ್ಮ ಮನೆ." ಬಂದವರು ಸರಿಯಾಗಿ ಬಂದೂ ಬಿಡುತ್ತಾರೆ. ನಮ್ಮ ಗೃಹಪ್ರವೇಶದ ದಿನ ಪುರೋಹಿತರು ಸಂಕಲ್ಪಕ್ಕೆ ಕೂತು ಜಂಬೂದ್ವೀಪದಿಂದ ಶುರುಮಾಡಿ ಭರತಖಂಡಕ್ಕೆ ಇಳಿದು, ಕಾವೇರಿಯ ದಕ್ಷಿಣ ತೀರದವರೆಗೆ ನಿರಾತಂಕವಾಗಿ ಬಂದರು. ನಾನು ಮೆಲ್ಲಗೆ, "ಶಾಸ್ತ್ರಿಗಳೇ, ರಸ್ತೆಯ ವಿಷಯ..." ಎಂದೆ. ಅವರು ನೀರು ಬಿಡುತ್ತಲೇ, "ದೇವರಿಗೆ ಇಷ್ಟು ಸಾಕು ಬಿಡಿ, ಮಿಕ್ಕಿದ್ದನ್ನ ಕೊರಿಯರ್‌ನವನಿಗೆ ಹೇಳಿ" ಎಂದರು. ಕೊರಿಯರ್‌ನವನಿಗೆ ಹೇಳಿದರೆ ಅವನು, "ಸಾರ್, ಚಿಕ್ಕತಾಯಮ್ಮನ ಟೀ ಅಂಗಡಿ ಎದುರಿಗಾ? ಹಂಗನ್ನಿ ಮತ್ತೆ" ಎಂದ. ಮೂರು ಮೂರು ನಂಬರಿರುವ ರಾಷ್ಟ್ರೀಯ ಹೆದ್ದಾರಿಗೆ ಗುರುತೆಂದರೆ ಒಂಬತ್ತಡಿಯ ಒಂದು ಗೂಡಂಗಡಿ.

ಚಿಕ್ಕತಾಯಮ್ಮ ಐವತ್ತರ ಆಸುಪಾಸಿನ ಹೆಂಗಸು. ನಂಜನಗೂಡಿನ ಕಡೆಯ ಹಳ್ಳಿಯವಳು. ನಾನು ಆ ಕಡೆ ಸೈಟು ಕೊಳ್ಳುವ ಮೊದಲೇ ಅವಳ ಒಲೆ ಅಲ್ಲಿ ಉರಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅಂಗಡಿಯೂ ಅವಳೇ, ಮನೆಯೂ ಅವಳೇ. ಬೆಳಗಿನ ವಾಕಿಂಗ್ ಮುಗಿಸಿ ನಾನು ಅಲ್ಲಿ ಒಂದು ಟೀ ಕುಡಿಯುವುದು ಜಾನಕಿಗೆ ಗೊತ್ತಿಲ್ಲ ಎಂದು ನಾನು, ಗೊತ್ತಿದೆ ಎಂದು ಜಾನಕಿ, ಇಬ್ಬರೂ ಬಹಳ ಕಾಲ ನಂಬಿಕೊಂಡಿದ್ದೆವು.

"ಕೂತ್ಕಳಿ ಮೇಷ್ಟ್ರೇ. ದಿನಾ ಅಂಗೇ ನಿಂತ್ಕಂಡು ಆ ಕಲ್ಲ ಏನ್ ನೋಡೀರಿ? ಅದೇನ್ ಎದ್ದು ಓಯ್ತದಾ?"

"ಅಲ್ಲ ಚಿಕ್ಕತಾಯಮ್ಮ, ಕಲ್ಲು ಒಂದು ಹೇಳುತ್ತೆ, ಬೋರ್ಡು ಒಂದು ಹೇಳುತ್ತೆ. ಇದರ ಮೇಲೆ ಯಾವಾಗಲೂ ಯಾಕೆ ಗೋಣಿಚೀಲ ಹಾಕಿರುತ್ತೀ? ಕಲ್ಲು ಕಾಣೋದೇ ಇಲ್ಲ."

"ಒಣಗಾಕಿವ್ನಿ. ಸಕ್ಕರೆ ಚೀಲ."

ಗೋಣಿಚೀಲ ಕೆಲವು ದಿನ ಕಲ್ಲಿನ ಮೇಲೆ, ಕೆಲವು ದಿನ ಫಲಕದ ಮೇಲೆ ಒಣಗುತ್ತಿತ್ತು. ವರ್ಷಗಟ್ಟಲೆ ಒಣಗಿದರೂ ಒಣಗದ ಆ ಚೀಲದ ಬಗ್ಗೆ ನನಗೆ ಅನುಮಾನ ಬರಲಿಲ್ಲ. ಬೋರ್ಡು ಓದುವ ಚಟವಿರುವವರು ಬೋರ್ಡಿನ ಮೇಲಿರುವ ಚೀಲವನ್ನು ಓದುವುದಿಲ್ಲ.

ಒಂದು ದಿನ ತಡೆಯಲಾರದೆ ಕಾಗದ ಬರೆದೆ. ಯಾವ ದಿನವೆಂದು ಹೇಳಬಲ್ಲೆನೆಂದು ಸುಳ್ಳು ಹೇಳುವುದಿಲ್ಲ. ಮಳೆ ಬರುತ್ತಿತ್ತು ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಬರುತ್ತಿರಲಿಲ್ಲ ಅಂತಲೇ ತೋರುತ್ತದೆ. ಕಾಗದ ಮಾತ್ರ ಚೆನ್ನಾಗಿತ್ತು. ಹಳೆಯ ನಂಬರು ಯಾವುದು, ಹೊಸದು ಯಾವುದು, ಎರಡು ಹೆದ್ದಾರಿಗಳು ಒಂದೇ ರಸ್ತೆಯಲ್ಲಿ ಹೋದಾಗ ಫಲಕದಲ್ಲಿ ಹೇಗೆ ತೋರಿಸಬೇಕು, ಕಲ್ಲಿನ ತಲೆಗೆ ಯಾವ ಬಣ್ಣ, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದು, ಕೈಯಲ್ಲೇ ಒಂದು ನಕ್ಷೆ ಬಿಡಿಸಿ, ಉತ್ತರ ದಿಕ್ಕಿಗೆ ಬಾಣ ಹಾಕಿ, ಕೆಳಗೆ ಸಹಿ ಮಾಡಿದೆ. ಯಾರಿಗೆ ಕಳಿಸಬೇಕೆಂಬುದು ತೊಡಕಾಯಿತು. ರಸ್ತೆ ಕೇಂದ್ರದವರದ್ದೋ, ರಾಜ್ಯದವರದ್ದೋ, ನಗರದವರದ್ದೋ ಎಂದು ತಿಳಿಯದಿದ್ದುದೇ ನನ್ನ ದೂರಾಗಿತ್ತು. ಆದ್ದರಿಂದ ಮೂರೂ ಕಚೇರಿಗಳಿಗೆ ಕಳಿಸಿ, ಒಂದೊಂದರ ಕೆಳಗೂ ಮಿಕ್ಕ ಎರಡಕ್ಕೆ ಪ್ರತಿ ಹೋಗಿದೆ ಎಂದು ನಮೂದಿಸಿದೆ.

ಜಾನಕಿ ಓದಿ ನೋಡಿದಳು. "ಅಲ್ಲಾರೀ, ಈ ರಸ್ತೆ ನಿಮಗೇನು ಮಾಡ್ತು?"

"ಮಾಡೋ ಪ್ರಶ್ನೆ ಅಲ್ಲ ಜಾನಕಿ. ಒಂದು ವಸ್ತುವಿಗೆ ಒಂದು ಹೆಸರಿರಬೇಕು."

"ನಿಮ್ಮನ್ನ ನಿಮ್ಮಮ್ಮ ಒಂದು ಹೆಸರಿಂದ ಕರೀತಿದ್ರು, ಸ್ಕೂಲಲ್ಲಿ ಒಂದು, ರೇಷನ್ ಕಾರ್ಡಲ್ಲಿ ಇನ್ನೊಂದು. ಮೊದಲು ಅದನ್ನ ಸರಿ ಮಾಡಿಸಿ."

ನನ್ನ ಅನುಭವದಲ್ಲಿ ಒಂದು ಕಚೇರಿಗೆ ಬರೆದ ಕಾಗದಕ್ಕೆ ಉತ್ತರ ಬರುವುದಿಲ್ಲ. ಮೂರು ಕಚೇರಿಗಳಿಗೆ ಬರೆದರೆ ಬರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಪ್ರತಿ ಹೋಗಿರುವ ಮಿಕ್ಕಿಬ್ಬರು ಎಲ್ಲಿ ಮೊದಲು ಉತ್ತರ ಕೊಟ್ಟುಬಿಡುತ್ತಾರೋ ಎಂಬ ದಿಗಿಲಿಗೆ ಮೂವರೂ ಎದ್ದು ಕೂತಿರಬೇಕು. ಒಂದು ಬೆಳಿಗ್ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದ ಲಕೋಟೆಯನ್ನು ಹಿಡಿದುಕೊಂಡು, ಜಾನಕಿಗೆ ತೋರಿಸುವುದಕ್ಕೂ ಮುಂಚೆ, ರಸ್ತೆ ದಾಟಿ ಟೀ ಅಂಗಡಿಗೆ ಹೋದೆ.

"ಏನ್ ಮೇಷ್ಟ್ರೇ, ಮೊಕ ಅರಳ್ಬುಟ್ಟದೆ ಇವತ್ತು?"

"ನನ್ನ ಕಾಗದಕ್ಕೆ ಉತ್ತರ ಬಂತು ಚಿಕ್ಕತಾಯಮ್ಮ. ಕೇಳು." ನಾನು ತರಗತಿಯ ಧ್ವನಿಯಲ್ಲಿ ಓದಿದೆ. "ತಮ್ಮ ದೂರಿನ ಮೇರೆಗೆ ಮೂರೂ ಕಚೇರಿಗಳ ಅಧಿಕಾರಿಗಳು ಸದರಿ ಸ್ಥಳದಲ್ಲಿ ಜಂಟಿ ಪರಿಶೀಲನೆ ನಡೆಸಿ, ರಸ್ತೆಯ ಸಂಖ್ಯೆಯನ್ನು ಖಚಿತಪಡಿಸಿ, ತದನಂತರ ರಸ್ತೆಯ ಗಡಿಯೊಳಗಿನ ಒತ್ತುವರಿಗಳನ್ನು ತೆರವುಗೊಳಿಸಲಾಗುವುದು. ದೂರುದಾರರು ತಪ್ಪದೆ ಹಾಜರಿರತಕ್ಕದ್ದು."

ಆ 'ತದನಂತರ' ಎಂಬುದನ್ನು ಸ್ವಲ್ಪ ಎಳೆದೇ ಓದಿದೆ. ಸರ್ಕಾರಿ ಕನ್ನಡವನ್ನು ಗಟ್ಟಿಯಾಗಿ ಓದಿದರೆ ಅದಕ್ಕೊಂದು ಗಾಂಭೀರ್ಯ ಬರುತ್ತದೆ. ಚಿಕ್ಕತಾಯಮ್ಮ ಹಾಲು ಉಕ್ಕದಂತೆ ಸೌಟು ಆಡಿಸುತ್ತಿದ್ದವಳು ನಿಲ್ಲಿಸಿದಳು.

"ಒತ್ತುವರಿ ಅಂದ್ರೆ ನಾನೇ ಅಲ್ವಾ ಮೇಷ್ಟ್ರೇ?"

ನಾನು ಕಾಗದವನ್ನು ಮತ್ತೊಮ್ಮೆ ನೋಡಿದೆ. ಆಮೇಲೆ ಅಂಗಡಿಯನ್ನು ನೋಡಿದೆ. ಹಿಂದೆ ಕಲ್ಲು, ಮುಂದೆ ರಸ್ತೆ, ನಡುವೆ ಒಂಬತ್ತಡಿಯ ಅಂಗಡಿ. ಅವಳೇ.

ಅವಳು ಒಲೆ ಸಣ್ಣ ಮಾಡಿ, ಬಿಸ್ಕತ್ತಿನ ಡಬ್ಬಗಳ ಹಿಂದಿನಿಂದ ಒಂದು ಹಳೆಯ ತಗಡಿನ ಡಬ್ಬ ತೆಗೆದಳು. ತುಂಬ ನೋಟೀಸುಗಳಿದ್ದವು. "ಮೊದ್ಲು ಬಂದೋರು ಇನ್ನೂರ ಅನ್ನೆರಡು ಅಂತ ಬರ್ಕಂಡು ಬಂದಿದ್ರು. ಸಾಮಿ, ನೀವು ಕೇಳೋ ರೋಡು ಇದಲ್ಲ, ಇದು ಏಳ್ನೂರ ಅರವತ್ತಾರು ಅಂತ ಈ ಬೋರ್ಡ್ ತೋರ್ಸ್ದೆ. ಆವಯ್ಯ ಬೋರ್ಡ್ ನೋಡ್ದ, ಕಾಗ್ದ ನೋಡ್ದ, ತಿದ್ದುಸ್ಕಂಡ್ ಬತ್ತೀನಿ ಕಣಮ್ಮ ಅಂತ ಟೀ ಕುಡ್ದು ಓದ. ಎಲ್ಡ್ ವರ್ಸ ಬರ್ನಿಲ್ಲ. ಆಮ್ಯಾಕೆ ಏಳ್ನೂರ ಅರವತ್ತಾರು ಅಂತ ಬಂದ್ರು. ಕಲ್ಲು ತೋರ್ಸ್ದೆ."

"ಪಕ್ಕದಲ್ಲೇ ಬೋರ್ಡೂ ಇತ್ತಲ್ಲ ಚಿಕ್ಕತಾಯಮ್ಮ?"

"ಅದ್ರ ಮ್ಯಾಲೆ ಗೋಣಿಚೀಲ ಒಣಗಾಕಿದ್ದೆ."

ನಾನು ತಿರುಗಿ ಆ ಚೀಲದ ಕಡೆ ನೋಡಿದೆ.

"ನಾನೇನ್ ಸುಳ್ಳು ಏಳ್ನಿಲ್ಲ ಮೇಷ್ಟ್ರೇ. ಎಲ್ಡ್ನೂ ಬರ್ದಿರೋರು ಅವ್ರೇ. ನಾನು ಒಂದೊಂದ್ ಸಲಕ್ಕೆ ಒಂದೊಂದ್ ತೋರ್ಸ್ದೆ, ಅಷ್ಟೇಯ. ನೂರ ಐವತ್ತು ಎ ಅಂತ ಒಂದ್ ದಪ ಬಂದಿದ್ರು. ಅವ್ರಿಗೆ ಎಲ್ಡೂ ತೋರ್ಸ್ದೆ." ಡಬ್ಬದ ಮುಚ್ಚಳ ಹಾಕಿದಳು. "ಇನ್ ಮ್ಯಾಲೆ ಎಲ್ಲಾದ್ರಲ್ಲೂ ಒಂದೇ ಬರೀತಾರೆ ಅನ್ನಿ. ಈ ಒಲೆ ಆರೋದ್ರೆ ಇನ್ನೊಂದು ಒಲೆ ಹಚ್ಚಕೆ ನಂಗೆ ಜಾಗ ಎಲ್ಲದೆ? ಕುಡೀರಿ ಮೇಷ್ಟ್ರೇ, ಟೀ ಆರೋಯ್ತದೆ."

ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಟೀ ಕುಡೀರಿ ಎಂದದ್ದನ್ನು ಸಹಿಸಿಕೊಳ್ಳಲಾಗಲಿಲ್ಲ. ದೇಶದಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಗೊಂದಲವನ್ನು ಈ ಹೆಂಗಸು ಒಬ್ಬಳೇ ಕೂತು ಅಭ್ಯಾಸ ಮಾಡಿ, ಅದರೊಳಗೆ ಒಂಬತ್ತಡಿ ಜಾಗ ಮಾಡಿಕೊಂಡು ಬದುಕಿದ್ದಳು. ಭೂಗೋಳ ಓದಿದವನು ನಾನು, ಅದರ ಉಪಯೋಗ ತಿಳಿದವಳು ಅವಳು.

"ಹೋಗಿ, ದೂರು ವಾಪಸು ತಗೊಂಡಿದೀನಿ ಅಂತ ಬರೆದುಕೊಟ್ಟು ಬನ್ನಿ" ಎಂದಳು ಜಾನಕಿ. ಹೋದೆ. ಕಚೇರಿಯ ಗುಮಾಸ್ತರು ಬಹಳ ಮರ್ಯಾದಸ್ಥರು, ಕುರ್ಚಿ ಕೊಟ್ಟರು. ವಾಪಸು ತೆಗೆದುಕೊಳ್ಳುವ ಅರ್ಜಿಯಲ್ಲಿ ರಸ್ತೆಯ ಸಂಖ್ಯೆ ಬರೆಯಬೇಕು ಎಂದರು. ಏಳುನೂರ ಅರವತ್ತಾರು ಎಂದು ಬರೆದೆ. ನಿಮ್ಮ ಫೈಲು ಆ ಸಂಖ್ಯೆಯಲ್ಲಿ ಇಲ್ಲ ಎಂದರು. ಇನ್ನೂರ ಹನ್ನೆರಡು ಎಂದು ತಿದ್ದಿದೆ. ಅಂಥ ರಸ್ತೆಯೇ ಈಗ ಇಲ್ಲ ಎಂದರು. "ಹಾಗಾದರೆ ನನ್ನ ಫೈಲು ಯಾವ ಸಂಖ್ಯೆಯಲ್ಲಿದೆ ಸ್ವಾಮಿ?" ಎಂದೆ. ಅವರು ರಿಜಿಸ್ಟರಿನಲ್ಲಿ ಬೆರಳಿಟ್ಟು ನೋಡಿ, "ಸಂಖ್ಯೆ ಖಚಿತಪಟ್ಟ ಮೇಲೆ ನಮೂದಿಸುವುದು ಅಂತ ಇದೆ. ಖಚಿತ ಆಗ್ಲಿ, ಆಮೇಲೆ ಬನ್ನಿ, ವಾಪಸು ತಗೊಳ್ಳೋಣ" ಎಂದರು. ಸಂಖ್ಯೆ ಖಚಿತವಾಗದಿರಲಿ ಎಂದೇ ವಾಪಸು ತೆಗೆದುಕೊಳ್ಳಲು ಬಂದಿದ್ದೇನೆಂದು ಅವರಿಗೆ ತಿಳಿಸುವ ಬಗೆ ನನಗೆ ಹೊಳೆಯಲಿಲ್ಲ.

ಪರಿಶೀಲನೆಯ ದಿನ ಮೂವರು ಬಂದರು. ಕೇಂದ್ರದ ಕಡೆಯಿಂದ ಒಬ್ಬ ಹುಡುಗಿ ಇಂಜಿನಿಯರ್, ಕೈಯಲ್ಲಿ ಟೇಪು. ರಾಜ್ಯದ ಕಡೆಯಿಂದ ಕೊಡೆ ಹಿಡಿದ ಹಿರಿಯರೊಬ್ಬರು. ನಗರದ ಕಡೆಯಿಂದ ಫೋನಿನಲ್ಲಿ ಮಾತಾಡುತ್ತಲೇ ಇಳಿದು, ಮಾತಾಡುತ್ತಲೇ ಇದ್ದು, ಮಾತಾಡುತ್ತಲೇ ಹೋದ ಒಬ್ಬರು. ಚಿಕ್ಕತಾಯಮ್ಮ ಆ ದಿನ ಗೋಣಿಚೀಲವನ್ನು ಮಡಿಸಿ ಒಳಗಿಟ್ಟಿದ್ದಳು. ಎರಡು ನಂಬರೂ ಬಯಲಿನಲ್ಲಿ ನಿಂತಿದ್ದವು.

ಆ ಇಂಜಿನಿಯರ್ ನನ್ನ ಬಳಿಗೇ ನೇರ ಬಂದಳು. "ಸರ್, ಲೆಟರ್ ಬರೆದಿದ್ದು ನೀವೇ ಅಲ್ವಾ? ನಮ್ಮ ಆಫೀಸಲ್ಲಿ ಎಲ್ಲರಿಗೂ ಓದಿಸಿದೀನಿ ಸರ್. ಇಷ್ಟು ಕ್ಲಿಯರ್ ಆಗಿ ಯಾರೂ ಬರೆದಿರಲಿಲ್ಲ. ನಾರ್ತ್ ಮಾರ್ಕ್ ಕೂಡ ಹಾಕಿದೀರಿ."

ಮೂವತ್ತೊಂದು ವರ್ಷದಲ್ಲಿ ನನ್ನನ್ನು ಯಾವ ಇನ್ಸ್‌ಪೆಕ್ಟರೂ ಹೀಗೆ ಹೊಗಳಿರಲಿಲ್ಲ. ಹೊಗಳಿಕೆಗೆ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿರಲಾರದು.

"ಅದು... ನಾನು ಬರೆದದ್ದರಲ್ಲಿ ತಪ್ಪಿರಬಹುದಮ್ಮ" ಎಂದೆ. "ಯೋಚನೆ ಮಾಡಿ ನೋಡಿದರೆ ಮೂರು ನಂಬರೂ ಸರಿ ಅನ್ನಿಸುತ್ತೆ. ಒಂದು ರಸ್ತೆಗೆ ಒಂದೇ ನಂಬರಿರಬೇಕು ಅನ್ನೋದು ಒಂದು ರೀತಿ ಹಠ."

"ಇಲ್ಲ ಸರ್, ನೀವು ಬರೆದಿರೋದೇ ಸರಿ." ಹತ್ತು ನಿಮಿಷದಲ್ಲಿ, ನನ್ನದೇ ನಕ್ಷೆಯನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿಕೊಂಡು, ಫೋನಿನಲ್ಲಿ ಏನೇನೋ ತಾಳೆ ನೋಡಿ, ಈ ಜಾಗದಲ್ಲಿ ರಸ್ತೆ ಏಳುನೂರ ಅರವತ್ತಾರು, ಕೇಂದ್ರದ್ದು, ಎಂದು ಅವಳು ತೀರ್ಮಾನಿಸಿಬಿಟ್ಟಳು. ಕೊಡೆಯವರು, "ಅಂದ್ರೆ ನಮ್ಮದಲ್ಲ ಅಂತ ಬರ್ಕೊಳ್ಳಮ್ಮ, ಬರ್ಕೊಳ್ಳಿ" ಎಂದು ಎರಡು ಸಲ ಹೇಳಿ ಬೆಂಚಿನ ಮೇಲೆ ನೆಮ್ಮದಿಯಾಗಿ ಕೂತು ಟೀ ತರಿಸಿಕೊಂಡರು. ಫೋನಿನವರು ಕೈ ಮಾತ್ರ ಆಡಿಸಿ ತಮ್ಮದೂ ಅಲ್ಲ ಎಂದು ತೋರಿಸಿದರು.

ಆಮೇಲೆ ಟೇಪು ಬಿಚ್ಚಿತು. ಹಳೆಯ ನಕ್ಷೆಯ ಪ್ರಕಾರ ರಸ್ತೆಯ ಜಾಗ ಆ ಕಿಲೋಮೀಟರ್ ಕಲ್ಲಿನಿಂದ ಶುರುವಾಗಿ ಎದುರು ಬದಿಗೆ ಇಂತಿಷ್ಟು ಅಡಿ. ಟೇಪಿನ ಕೊಕ್ಕೆಯನ್ನು ಕಲ್ಲಿಗೆ ಸಿಕ್ಕಿಸಿ ಎಳೆದರೆ ಅದು ಅಂಗಡಿಯ ಹಿಂದಿನ ತಗಡನ್ನು ದಾಟಿ, ಬಿಸ್ಕತ್ತಿನ ಡಬ್ಬಗಳ ಮುಂದೆ, ಕುದಿಯುವ ಹಾಲಿನ ಮೇಲೆ, ಕೊಡೆಯವರ ಕಿವಿಯ ಪಕ್ಕದಲ್ಲಿ ಹಾದು ರಸ್ತೆಗೆ ಬಂತು. ಅಂಗಡಿ ಪೂರ್ತಿ ಒಳಗೆ. ಚಿಕ್ಕತಾಯಮ್ಮ ಟೇಪನ್ನು ನೋಡಲಿಲ್ಲ. ಹಾಲಿಗೆ ತಾಗದಿರಲೆಂದು ಅದನ್ನು ಒಂದು ಬೆರಳಿನಲ್ಲಿ ಎತ್ತಿ ಹಿಡಿದಿದ್ದಳು.

"ಈ ಕಲ್ಲು ಇಲ್ಲಿರಲಿಲ್ಲ" ಎಂದು ಯಾರೋ ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದ್ದರಿಂದ ಹೇಳಿದವನು ನಾನೇ ಎಂದು ತಿಳಿಯಿತು.

ಇದನ್ನು ನಾನು ಎಲ್ಲಿಂದ ತಂದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನನಗೊಂದು ನೆನಪಿದೆ. ಸೈಟು ಕೊಂಡ ಹೊಸದರಲ್ಲಿ ರಸ್ತೆಯ ಪಕ್ಕ ನೀರಿನ ಪೈಪಿಗೆಂದು ಅಗೆಯುತ್ತಿದ್ದರು. ಕಲ್ಲನ್ನು ಕಿತ್ತು ಅಂಗಾತ ಮಲಗಿಸಿದ್ದರು. ಅದರ ನೆರಳಿನಲ್ಲಿ ಒಂದು ನಾಯಿ ಮಲಗಿತ್ತು. ಪೈಪು ಹೂತ ಮೇಲೆ ಕೂಲಿಯವರು ಕಲ್ಲನ್ನು ಸ್ವಲ್ಪ ಹಿಂದಕ್ಕೆ, ಅಗೆಯಲು ಸುಲಭವಾದ ಮೆತ್ತನೆಯ ಮಣ್ಣಿನಲ್ಲಿ ನೆಟ್ಟುಬಿಟ್ಟರು. ಎಲ್ಲವೂ ಸ್ಪಷ್ಟ. ಆದರೆ ಅಂಗಾತ ಮಲಗಿದ ಕಲ್ಲಿಗೆ ನಾಯಿ ಮಲಗುವಷ್ಟು ನೆರಳು ಎಲ್ಲಿಂದ ಬಂತು? ಇನ್ನೂ ಕೆಟ್ಟದ್ದೆಂದರೆ, ಆ ನೆನಪಿನಲ್ಲಿ ಕಲ್ಲಿನ ಮೇಲೆ ಏಳುನೂರ ಅರವತ್ತಾರು ಎಂದು ಬರೆದಿದೆ. ಆಗ ಆ ನಂಬರು ಹುಟ್ಟಿಯೇ ಇರಲಿಲ್ಲ. ಮತ್ತು ಆ ಕಲ್ಲಿನ ಮೇಲೆ ಅಂದಿನಿಂದ ಪರಿಶೀಲನೆಯ ದಿನದವರೆಗೂ ಇದ್ದದ್ದು ಇನ್ನೂರ ಹನ್ನೆರಡು. ಪೈಪು ಹೂತದ್ದು ಒಂಟಿಕೊಪ್ಪಲಿನಲ್ಲಿ, ನಮ್ಮ ಮಾವನ ಮನೆಯ ಮುಂದೆ ಇರಬಹುದೆಂದು ಜಾನಕಿಯ ಅಭಿಪ್ರಾಯ. ನಾಯಿ ಅವರದ್ದೇ ಇದ್ದರೂ ಇರಬಹುದು.

"ಎಷ್ಟು ಹಿಂದಕ್ಕೆ ಇಟ್ಟರು ಸರ್?" ಇಂಜಿನಿಯರ್ ಪೆನ್ನು ತೆರೆದಿದ್ದಳು.

"ಹತ್ತಡಿ" ಎಂದೆ. ಅಂಗಡಿ ಒಂಬತ್ತಡಿ ಇತ್ತು.

"ನೀವೂ ನೋಡಿದ್ರೇನಮ್ಮಾ?" ಎಂದು ಅವಳು ಚಿಕ್ಕತಾಯಮ್ಮನನ್ನು ಕೇಳಿದಳು.

"ನಾನು ಟೀ ಕಾಯಿಸ್ತಿದ್ದೆ ಕಣವ್ವ. ಬೆನ್ನಿಂದೆ ಏನ್ ನಡೀತದೆ ಅಂತ ನಂಗೆಂಗೆ ಗೊತ್ತಾದದು? ಮೇಷ್ಟ್ರು ಏಳಿದ್ ಮ್ಯಾಕೆ ಸರೀನೇ. ಅವ್ರು ದಿನಾ ಆ ಕಲ್ಲ ನಿಂತು ನೋಡ್ತಾರೆ."

ಇಂಜಿನಿಯರ್ ಬುದ್ಧಿವಂತೆ. ನಾನು ತೋರಿಸಿದ ಕಡೆ, ಅಂಗಡಿಯ ಮುಂದೆ, ಹಾರೆಯಲ್ಲಿ ಕೆದಕಿಸಿದಳು. ಒಂದಡಿ ಕೆಳಗೆ ಒಂದು ಕಾಂಕ್ರೀಟಿನ ತುಂಡು ಸಿಕ್ಕಿತು. ಮೈಸೂರಿನಲ್ಲಿ ಯಾವ ರಸ್ತೆಯ ಪಕ್ಕ ಎಲ್ಲಿ ಅಗೆದರೂ ಯಾವುದೋ ಒಂದು ಕಾಂಕ್ರೀಟಿನ ತುಂಡು ಸಿಗುತ್ತದೆ. ಆದರೂ ಅದನ್ನು ನೋಡಿದ ಕೂಡಲೇ, ಹೌದು, ಇಲ್ಲೇ ಇತ್ತು, ನಾಯಿ ಮಲಗಿದ್ದು ಈ ಕಡೆ, ಎಂದು ಖಂಡಿತವಾಗಿ ಅನ್ನಿಸಿತು. ಕೊಡೆಯವರು ಟೀ ಲೋಟ ಕೆಳಗಿಟ್ಟು, "ಪೈಪು ಹಾಕಿದ್ದು ನಾವಲ್ಲ ಅಂತ ಅದನ್ನೂ ಬರ್ಕೊಳ್ಳಮ್ಮ" ಎಂದರು. ನನ್ನ 'ಹಿರಿಯ ನಾಗರಿಕರ ಹೇಳಿಕೆ' ಎರಡು ಪುಟವಾಯಿತು. ಓದಿ ಹೇಳಿದರು. ನನ್ನ ಬಾಯಿಂದ ಹೊರಟಾಗ ನೆಟ್ಟಗೆ ನಿಲ್ಲಲಾರದಿದ್ದ ಆ ಮಾತು ಸರ್ಕಾರಿ ಕನ್ನಡದಲ್ಲಿ ಕೇಳುವಾಗ ಕಲ್ಲಿನಂತೆ ನಿಂತಿತ್ತು. ಸಹಿ ಮಾಡಿದೆ.

ವಾರದೊಳಗೆ ಕಲ್ಲು ಹತ್ತಡಿ ಮುಂದಕ್ಕೆ, ಅಂಗಡಿಯ ಎದುರಿಗೆ ಬಂತು. ತಲೆಗೆ ಒಂದೇ ಹಳದಿ, ಮೈಮೇಲೆ ಏಳುನೂರ ಅರವತ್ತಾರು ಎಂಬ ಒಂದೇ ನಂಬರು. ಖಾಲಿ ಗುರಾಣಿಯ ಫಲಕ ಹೋಯಿತು, ಅದರೊಂದಿಗೆ ಗಣಿತದ ಮನೆಪಾಠವೂ. ನೂರ ಐವತ್ತು-ಎ ಕೂಡ ಏಳುನೂರ ಅರವತ್ತಾರರ ಕೆಳಗೆ, ನಾನು ಬರೆದಿದ್ದ ರೀತಿಯಲ್ಲೇ, ಅಚ್ಚುಕಟ್ಟಾಗಿ ಬಂದು ಕೂತಿತು. ಅಂಗಡಿ ಗಡಿಯಿಂದ ಹೊರಗೆ, ಒಂದಡಿ ಮಿಕ್ಕಿ. ಚಿಕ್ಕತಾಯಮ್ಮ ತಗಡಿನ ಡಬ್ಬದ ನೋಟೀಸುಗಳನ್ನು ಒಲೆಗೆ ಹಾಕಿ ಆ ಡಬ್ಬದಲ್ಲಿ ಖಾರದ ಬನ್ನು ಇಟ್ಟಳು. ನನಗೆ ಶುಂಠಿ ಜಜ್ಜಿ ಹಾಕಿದ ಟೀ, ಬೇಡವೆಂದರೂ ಬನ್ನು. ಬಂದವರಿಗೆಲ್ಲ, "ಇವ್ರೇ ಕಣಪ್ಪ ರೋಡ್ ಸರಿ ಮಾಡ್ಸಿದ್ ಮೇಷ್ಟ್ರು" ಎನ್ನುತ್ತಿದ್ದಳು. ಲಾರಿಯವರು ತಿರುಗಿ ನೋಡುತ್ತಿದ್ದರು. ನಾನು ಎರಡು ತಿಂಗಳು ಬಹಳ ಸುಖವಾಗಿದ್ದೆ.

ಆಮೇಲೆ ನಮ್ಮ ಮನೆಗೆ ಲಕೋಟೆ ಬಂತು. ಭೂಮಿ ಗುಂಡಗಿದೆ, ಇಲ್ಲಿ ಹಗಲಾದಾಗ ಅಲ್ಲಿ ಇರುಳು ಎಂದು ಮೂವತ್ತೊಂದು ವರ್ಷ ಬೊಬ್ಬೆ ಹೊಡೆದವನಿಗೆ, ರಸ್ತೆಗೆ ಎರಡು ಬದಿ ಇರುತ್ತದೆ ಎಂಬುದು ಹೊಳೆದಿರಲಿಲ್ಲ. ಕಲ್ಲು ಹತ್ತಡಿ ಈಚೆಗೆ ಬಂದರೆ, ಅಲ್ಲಿಂದ ಅಳೆಯುವ ರಸ್ತೆಯ ಜಾಗವೂ ಹತ್ತಡಿ ಈಚೆಗೆ ಬರುತ್ತದೆ. ಈಚೆಗಿದ್ದದ್ದು ನಮ್ಮ ಕಾಂಪೌಂಡು, ಗೇಟು, ನೀರಿನ ಸಂಪು, ಜಾನಕಿಯ ಮಲ್ಲಿಗೆ ಬಳ್ಳಿ.

ಜಾನಕಿ ಕನ್ನಡಕ ತಂದು ಕೊಟ್ಟಳು, ಅಷ್ಟೆ. ಜಗಲಿಯ ಮೇಲೆ ಕೂತು ನೋಟೀಸನ್ನು ಓದಿದೆ. ಎಷ್ಟೋ ಸರ್ಕಾರಿ ಕಾಗದಗಳಲ್ಲಿ ತಪ್ಪು ಹುಡುಕಿ ಕೆಂಪು ಗೆರೆ ಎಳೆದಿದ್ದೇನೆ; ತಪ್ಪು ಸಿಗಲಪ್ಪ ಎಂದು ಬೇಡಿಕೊಂಡು ಓದಿದ್ದು ಅದೇ ಮೊದಲು. ರಸ್ತೆಯ ಸಂಖ್ಯೆ ಸರಿ. ಕಲ್ಲಿನ ಸಂಖ್ಯೆ ಸರಿ. ಉಲ್ಲೇಖ: ತಮ್ಮ ಪತ್ರ ಮತ್ತು ತಮ್ಮ ಹೇಳಿಕೆ. ನನ್ನ ಇನಿಷಿಯಲ್ಲುಗಳ ನಡುವಿನ ಚುಕ್ಕೆಗಳು ಕೂಡ ಬಿಟ್ಟಿರಲಿಲ್ಲ. ಜೊತೆಗೆ ಲಗತ್ತಿಸಿದ ನಕ್ಷೆ ನನ್ನದೇ, ಉತ್ತರಕ್ಕೆ ಬಾಣವಿದ್ದದ್ದು.

ಕೊನೆಗೆ, ಊರಿನಲ್ಲಿ ಈ ವಿಷಯ ನನಗಿಂತ ಹೆಚ್ಚು ಬಲ್ಲವರೆಂದರೆ ಒಬ್ಬರೇ ಎಂದು, ರಸ್ತೆ ದಾಟಿ ಚಿಕ್ಕತಾಯಮ್ಮನ ಮುಂದೆ ಕೂತೆ. ಅವಳು ಕೈ ಒರೆಸಿಕೊಂಡು, "ಓದಿ" ಎಂದಳು. ಓದಿದೆ. 'ತದನಂತರ' ಎಂಬಲ್ಲಿ ಎಳೆಯಲಿಲ್ಲ. ನಂಬರು ಬಂದ ಕಡೆ ಅವಳು ನನ್ನನ್ನು ನಿಲ್ಲಿಸಿ ಕಲ್ಲಿನ ಕಡೆ ನೋಡಿದಳು, ಆಮೇಲೆ ಫಲಕದ ಕಡೆ. ಇನ್ನೊಂದು ಸಲ ಓದಿಸಿದಳು. ಆಮೇಲೆ ವೈದ್ಯರು ರೋಗಿಯ ಮನೆಯವರನ್ನು ಪಕ್ಕಕ್ಕೆ ಕರೆದು ಹೇಳುವ ಧ್ವನಿಯಲ್ಲಿ ಹೇಳಿದಳು:

"ಇದಕ್ಕೆ ನನ್ ತಾವ್ ಏನೂ ಇಲ್ಲ ಮೇಷ್ಟ್ರೇ. ಎಲ್ಲಾ ಸರಿಯಾಗೇ ಅದೆ."

ನಾನು ಬರೆದದ್ದನ್ನು ಸರಿ ಎಂದು ಒಪ್ಪಿದವರು ನನ್ನ ಜೀವಮಾನದಲ್ಲಿ ಇಬ್ಬರೇ, ಒಬ್ಬಳು ಆ ಇಂಜಿನಿಯರ್, ಒಬ್ಬಳು ಇವಳು. ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಎದುರಿಗೆ, ನಾಳೆಯೋ ನಾಡಿದ್ದೋ ಹೆದ್ದಾರಿಯಾಗಲಿರುವ ಅಂಗಳದಲ್ಲಿ ನಿಂತು, ಜಾನಕಿ ಮಲ್ಲಿಗೆ ಬಿಡಿಸುತ್ತಿದ್ದಳು.